ಗುಡ್ಡದ ಮೇಲೆ ದನಿ ನಿಂತ ಸಂಜೆ

ಹೋದ ವರ್ಷ ಆಯುಧಪೂಜೆಯ ಮಾರನೆಯ ದಿನ ಹಿರಿಯೂರಿನಲ್ಲಿ ನಮ್ಮ ಓಣಿಯ ಹಿಟ್ಟಿನ ಗಿರಣಿಗೆ ರಾಗಿ ಬೀಸಿಸಲು ಹೋಗಿದ್ದೆ. ಕರೆಂಟ್ ಇರಲಿಲ್ಲ. ಗಿರಣಿಯವನು ಮೂಲೆಯಲ್ಲಿದ್ದ ಹಳೇ ಡೀಸೆಲ್ ಎಂಜಿನ್ ಶುರು ಮಾಡಿದ. ಹಿಂದಿನ ದಿನ ಪೂಜೆಗೆ ಹಾಕಿದ್ದ ಚೆಂಡುಹೂವಿನ ಹಾರ ಅದರ ಕೊರಳಲ್ಲೇ ಇತ್ತು. ಎಂಜಿನ್ ಕಾದಂತೆ ಹಾರದ ತುದಿ ಹೊಗೆಯ ಕೊಳವೆಗೆ ತಗುಲಿ ಕರಕಲಾಗತೊಡಗಿತು. ಡೀಸೆಲ್ಲಿನ ಜೊತೆ ಚೆಂಡುಹೂವು ಸುಟ್ಟರೆ ಒಂದು ಥರಾ ಕಹಿ ವಾಸನೆ ಬರುತ್ತದೆ. ಬಾಯಿಗೆ ಕೈ ಒತ್ತಿಕೊಂಡು ಅಲ್ಲೇ ಇದ್ದ ಮೂಟೆಯ ಮೇಲೆ ಕುಕ್ಕರಿಸಿದೆ.

ಗಿರಣಿಯವನ ಹೆಂಡತಿ ಓಡಿ ಬಂದಳು. "ಯಾಕ್ರಕ್ಕಾ, ಏನಾತು? ಕುಂತ್ಕಳ್ರಿ, ನೀರು ತರ್ತೀನಿ. ಏನ್ರಿ, ಬಸುರೇನ್ರಿ?"

ಮದುವೆಯೇ ಆಗದವಳಿಗೆ ಒಳ್ಳೇ ಪ್ರಶ್ನೆ! ಬೇರೆ ದಿನವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ಅವತ್ತು ನಗು ಬರಲಿಲ್ಲ. ರಾಗಿ ಅಲ್ಲೇ ಬಿಟ್ಟು ಮನೆಗೆ ಬಂದು ಬಾಗಿಲು ಹಾಕಿಕೊಂಡೆ. ಅವಳಿಗೆ ಏನು ಹೇಳಲಿ? ಇಲ್ಲಿಯವರೆಗೂ ಯಾರಿಗೂ ಹೇಳಿಲ್ಲ. ಈಗ ಬರೆಯುತ್ತಿದ್ದೇನೆ.

ನಾವು ಮದಕರಿಪುರದವರು, ಕುರಿ ಕಾಯುವ ಮನೆತನ. ನಾನು ಚಿಕ್ಕವಳಿದ್ದಾಗ ಅಪರೂಪಕ್ಕೆ ಒಂದು ವಿಮಾನ ಕಾಣುತ್ತಿತ್ತು. ಕಂಡರೆ ಹಟ್ಟಿಯ ಮಕ್ಕಳೆಲ್ಲ ಹೊರಗೆ ಬಂದು, ಅದು ಕಣ್ಮರೆಯಾಗುವ ತನಕ ಕತ್ತು ನೋಯಿಸಿಕೊಳ್ಳುತ್ತಿದ್ದೆವು. ಆಮೇಲೆ ಬೆಂಗಳೂರಿನ ನಿಲ್ದಾಣ ಬೆಳೆಯಿತು. ಎರಡನೇ ರನ್‌ವೇ ಬಂತು, ಹೊಸ ಟರ್ಮಿನಲ್ ಬಂತು. ಕೊರೊನಾ ಕಾಲದಲ್ಲಿ ಬಿಕೋ ಎನ್ನುತ್ತಿದ್ದ ಆಕಾಶ ಅದು ಮುಗಿದದ್ದೇ ತಡ ಸಂತೆಬೀದಿಯಾಯಿತು. ಮುಂಬೈ, ಪುಣೆ, ಗೋವಾ ಕಡೆಯಿಂದ ಬರುವ ವಿಮಾನಗಳು ಇಳಿಯುವುದು ಬೆಂಗಳೂರಿನಲ್ಲಾದರೂ ಸಾಲು ಹಿಡಿಯುವುದು ನಮ್ಮ ತಲೆಯ ಮೇಲೆ. ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗದ ಜನ ಅವನ್ನು ತಲೆಯೆತ್ತಿ ನೋಡುವುದನ್ನೇ ಬಿಟ್ಟರು. ನನ್ನ ಪಾಡು ಮಾತ್ರ ಉಲ್ಟಾ ಆಯಿತು, ನೋಡದೆ ಇರಲು ಆಗದಂಥ ಕೆಲಸ ನನಗೆ ಸಿಕ್ಕಿತು.

ಆ ಗಿರಣಿಯ ಪ್ರಸಂಗದ ಹಿಂದಿನ ವರ್ಷ, ಚಿತ್ರದುರ್ಗದಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದ ನನ್ನನ್ನು ಒಂದು ಗುತ್ತಿಗೆ ಕಂಪನಿ ಹೊಳಲ್ಕೆರೆ ತಾಲ್ಲೂಕಿನ ರಾಮಗಿರಿಯ ಹತ್ತಿರದ ಒಂದು ಬೋಳುಗುಡ್ಡಕ್ಕೆ ಹಾಕಿತು. ಗುಡ್ಡದ ನೆತ್ತಿಯ ಮೇಲೆ ಒಂದು ಕಬ್ಬಿಣದ ಕಂಬ, ಒಂದು ಚಿಕ್ಕ ಕೋಣೆ, ಪಕ್ಕದಲ್ಲಿ ಜನರೇಟರಿನ ಶೆಡ್ಡು, ಸುತ್ತ ತಂತಿಬೇಲಿ. ಬೆಂಗಳೂರಿನಲ್ಲಿ ಕೂತು ವಿಮಾನಗಳಿಗೆ ದಾರಿ ಹೇಳುವವರ ದನಿಯನ್ನು ನಡುವೆ ಹಿಡಿದು ಮೇಲಕ್ಕೆ ಮುಟ್ಟಿಸುವುದು, ಮೇಲಿನವರ ದನಿಯನ್ನು ಹಿಡಿದು ಬೆಂಗಳೂರಿಗೆ ಮುಟ್ಟಿಸುವುದು, ಇಷ್ಟೇ ಆ ಯಂತ್ರದ ಕೆಲಸ. ವಿಮಾನ ಜಾಸ್ತಿಯಾದ ಮೇಲೆ ಇಂಥ ಕೋಣೆಗಳು ಬೇಕಾದವಂತೆ. ಒಳಗೊಂದು ಸಣ್ಣ ಸ್ಪೀಕರ್ ಇತ್ತು. ಆ ಮಾತೆಲ್ಲ ಅದರಲ್ಲಿ ನಮಗೂ ಕೇಳುತ್ತಿತ್ತು.

ಕೆಲಸ ಒಪ್ಪಿಸಲು ಬಂದಿದ್ದ ಇಂಜಿನಿಯರ್ ಎಲ್ಲ ಸ್ವಿಚ್ಚು ತೋರಿಸಿ ಕೊನೆಗೆ ಹೇಳಿದ. "ಮೇಡಂ, ನಿಮಗಿರೋದು ಒಂದೇ ಕೆಲಸ. ಈ ದನಿ ನಿಲ್ಲಬಾರದು."

"ನಿಂತರೆ?" ಎಂದೆ.

"ನಿಲ್ಲಬಾರದು ಅಂದೆನಲ್ಲ" ಎಂದು ಜೀಪು ಹತ್ತಿ ಹೋದ.

ಪುಣ್ಯಾತ್ಮ, ನಿಂತರೆ ಇಂತಿಂಥದು ಆಗುತ್ತದೆ ಎಂದು ಹೇಳಿದ್ದರೆ ಅಷ್ಟಕ್ಕೆ ಮಾತ್ರ ಹೆದರಿಕೊಂಡಿರುತ್ತಿದ್ದೆ. ಹೇಳದೆ ಹೋದ್ದರಿಂದ ಎಲ್ಲದಕ್ಕೂ ಹೆದರಿದೆ. ಅವತ್ತಿನಿಂದ ದೀಪಾವಳಿಯವರೆಗೆ, ಆ ಒಂದು ಮಳೆಗಾಲ ಪೂರ್ತಿ, ನನ್ನ ಜೀವ ಆ ಸ್ಪೀಕರಿನ ತೂತುಗಳಲ್ಲಿ ಸಿಕ್ಕಿಹಾಕಿಕೊಂಡಿತ್ತು. ಆಷಾಢದ ಗಾಳಿಗೆ ಕಂಬ ಕೊಂಯ್ ಎನ್ನುತ್ತಿತ್ತು. ಎದುರು ಗುಡ್ಡಗಳ ಸಾಲಿನಲ್ಲಿ ಗಾಳಿಯಂತ್ರದ ರೆಕ್ಕೆಗಳು ತಿರುಗುತ್ತಿದ್ದವು. ನಾನು ಕೊಡೆ ಹಿಡಿದು ಮೇಲೆ ಹತ್ತಿದರೆ ಕೊಡೆ ಉಲ್ಟಾ ಆಗಿ, ನಾನೂ ಎರಡು ಹೆಜ್ಜೆ ಹಿಂದಕ್ಕೆ ಹೋಗುತ್ತಿದ್ದೆ. ರಜೆಯಲ್ಲಿ ಊರಿಗೆ ಹೋದರೂ ನೆಮ್ಮದಿಯಿಲ್ಲ. ಬಸ್ಸಿನ ಕಿಟಕಿಯಿಂದ ವಿಮಾನ ಕಂಡರೆ, ಈಗ ಅದಕ್ಕೆ ಮಾತು ಕೇಳುತ್ತಿದೆಯೋ ಇಲ್ಲವೋ ಎಂಬ ಯೋಚನೆ ಹತ್ತುತ್ತಿತ್ತು.

ಗುಡ್ಡದ ಮೇಲೆ ನನ್ನ ಜೊತೆಗಿದ್ದವರು ಕರಿಯಪ್ಪ ದೊಡ್ಡಪ್ಪ. ಸ್ವಂತ ದೊಡ್ಡಪ್ಪ ಅಲ್ಲ, ಗುಡ್ಡದ ಬುಡದ ಹಳ್ಳಿಯವರು, ಬಾಯಿತುಂಬ ಹಾಗೆ ಕರೆಯುತ್ತಿದ್ದೆ. ಅರವತ್ತರ ಹತ್ತಿರ ವಯಸ್ಸು. ಮೊಣಕಾಲು ನೋವು ಬಂದು ಕುರಿ ಮಾರಿದ ಮೇಲೆ ಕಾವಲು ಮತ್ತು ಜನರೇಟರ್ ನೋಡಿಕೊಳ್ಳುವ ಕೆಲಸಕ್ಕೆ ಬಂದಿದ್ದರು. ಇಂಗ್ಲಿಷ್ ಒಂದಕ್ಷರ ಬಾರದು. ಆದರೆ ನನಗಿಂತ ಚೆನ್ನಾಗಿ ಆ ಸ್ಪೀಕರ್ ಕೇಳುತ್ತಿದ್ದರು.

ಅವರದೊಂದು ರೂಢಿಯಿತ್ತು. ಕುರಿ ಕಾಯುವಾಗ ರೊಪ್ಪದಿಂದ ಹೊರಗೆ ಬಿಟ್ಟ ಹಿಂಡಿಗೆ ಲೆಕ್ಕ ತಪ್ಪದಿರಲೆಂದು ಎಡ ಜೇಬಿನಲ್ಲಿ ಕಲ್ಲು ಹಾಕಿಕೊಂಡು, ಸಂಜೆ ಒಳಗೆ ಬಂದಂತೆ ಒಂದೊಂದೇ ಬಲ ಜೇಬಿಗೆ ಹಾಕುವುದು. ಅದನ್ನೇ ವಿಮಾನಕ್ಕೂ ಮಾಡಿದರು. ಒಂದು ಹೊಸ ದನಿ "ನಮಸ್ಕಾರ" ಎಂದು ಉದ್ದಕ್ಕೆ ಮಾತಾಡಿದರೆ ಹಿಂಡಿಗೆ ಒಂದು ಬಂತು, ಎಡ ಜೇಬಿಗೆ ಒಂದು ಬೆಣಚುಕಲ್ಲು. ಅದೇ ದನಿ "ಗುಡ್ ಡೇ" ಎಂದು ಹೇಳಿ ಹೋದರೆ ಆ ಕಲ್ಲು ಬಲ ಜೇಬಿಗೆ.

"ಎಡಗಡೆ ಜೇಬು ಖಾಲಿ ಆಗ್ಬೇಕು ನೋಡವ್ವ. ಆಮ್ಯಾಕೆ ಊಟ" ಎನ್ನುತ್ತಿದ್ದರು.

"ಖಾಲಿ ಆಗೋದೇ ಇಲ್ಲ ದೊಡ್ಡಪ್ಪ, ಹಂಗಾದ್ರೆ ಉಪವಾಸ ಸಾಯ್ತೀಯ."

"ಹೌದಲ್ಲೇ! ಏನ್ ಜನ, ಏನ್ ಓಡಾಟ. ಮನೇಲಿ ಕುಂತ್ಕಳಕ್ಕೆ ಯಾರಿಗೂ ಆಗಲ್ವೇನು?"

ಜೂನ್‌ನಲ್ಲಿ ಎಡ ಜೇಬಿನಲ್ಲಿ ಒಮ್ಮೆಗೆ ಎರಡೋ ಮೂರೋ ಕಲ್ಲು ಇರುತ್ತಿದ್ದವು. ನಡುವೆ ಬೀಡಿ ಸೇದುವಷ್ಟು ಬಿಡುವು ಇರುತ್ತಿತ್ತು. ಶ್ರಾವಣ ಕಳೆಯುವಷ್ಟರಲ್ಲಿ ಸಂಜೆ ಹೊತ್ತು ಜೇಬು ಜೋತುಬಿದ್ದು ಅಂಗಿ ಒಂದು ಕಡೆಗೆ ಎಳೆಯುತ್ತಿತ್ತು. ನವರಾತ್ರಿಯ ಹೊತ್ತಿಗೆ ದೊಡ್ಡಪ್ಪ ಎಲೆಅಡಿಕೆಯ ಚೀಲವನ್ನೇ ಕಲ್ಲಿಗೆ ಬಿಟ್ಟುಕೊಟ್ಟರು. ಸ್ಪೀಕರಿನಲ್ಲಿ ಒಂದು ಮಾತು ಮುಗಿಯುವುದರೊಳಗೆ ಇನ್ನೊಂದು ನುಗ್ಗುತ್ತಿತ್ತು. ಬೆಂಗಳೂರಿನಲ್ಲಿ ಕೂತವನಿಗೆ ಉಸಿರು ತೆಗೆದುಕೊಳ್ಳಲು ಪುರುಸೊತ್ತು ಇರಲಿಲ್ಲ. ಹೀಗೇ ಜಾಸ್ತಿಯಾಗುತ್ತ ಹೋದರೆ ಎಲ್ಲಿಗೆ ಮುಟ್ಟುತ್ತದಪ್ಪಾ ಎಂದು ನಾನು ಗೋಡೆಗೆ ಒರಗಿ ಕೂತು ಅದನ್ನು ಕೇಳುತ್ತಿದ್ದೆ.

ನನ್ನ ಹೆದರಿಕೆಗೆ ಇನ್ನೊಂದು ಕಾರಣವಿತ್ತು. ಕರೆಂಟ್ ಹೋದರೆ ಯಂತ್ರವನ್ನು ಗಂಟೆಗಟ್ಟಲೆ ತಡೆದು ನಿಲ್ಲಿಸಬೇಕಾದ ಬ್ಯಾಟರಿಗಳು ಸವೆದುಹೋಗಿ ನಾಲ್ಕೈದು ನಿಮಿಷಕ್ಕೇ ಕೈಯೆತ್ತುತ್ತಿದ್ದವು. ಹೊಸದು ಬೇಕೆಂದು ಬರೆದಿದ್ದೆ. "ಬರ್ತವೆ ಮೇಡಂ" ಎಂಬ ಉತ್ತರ ಬರುತ್ತಿತ್ತು, ಬ್ಯಾಟರಿ ಬರುತ್ತಿರಲಿಲ್ಲ. ಹಾಗಾಗಿ ಎಲ್ಲ ಭಾರವೂ ಆ ಜನರೇಟರ್ ಮೇಲೆ. ದೊಡ್ಡಪ್ಪ ಅದನ್ನು "ನಮ್ಮ ಟಗರು" ಎಂದು ಕರೆದು, ದಿನಾ ಒರೆಸಿ, ಮೈ ಸವರಿ ಮಾತಾಡಿಸುತ್ತಿದ್ದರು.

ಆ ಮಳೆಗಾಲ ಅವ್ವ ನನ್ನ ಜೊತೆಗೇ ಇದ್ದಳು. ರಾಮಗಿರಿಯಲ್ಲಿ ನಾನು ಹಿಡಿದಿದ್ದ ಬಾಡಿಗೆ ಮನೆಗೆ "ಒಬ್ಬಳೇ ಇರ್ತೀಯ, ಉಣ್ಣಲ್ಲ ತಿನ್ನಲ್ಲ" ಎಂದು ಬಂದವಳು ಅಲ್ಲೇ ಉಳಿದಳು. ಅಪ್ಪ ಮತ್ತು ಅಣ್ಣ ಊರಲ್ಲಿ ಕುರಿ ನೋಡಿಕೊಳ್ಳುತ್ತಿದ್ದರು. ಅವ್ವನಿಗೂ ದೊಡ್ಡಪ್ಪನ ಹೆಂಡತಿ ಹೊನ್ನಮ್ಮನಿಗೂ ವಾರದಲ್ಲಿ ಗಳಸ್ಯ ಕಂಠಸ್ಯ. ಇಬ್ಬರೂ ಸೇರಿದರೆ ಬೀದಿಗೆಲ್ಲ ಕೇಳುವ ಹಾಗೆ ಮಾತು. "ವಿಮಾನಕ್ಕೆಲ್ಲ ದಾರಿ ತೋರಿಸ್ತಾಳೆ ನನ್ನ ಮಗಳು" ಎಂದು ಅವ್ವ ಊರೆಲ್ಲ ಟಾಂಟಾಂ ಹೊಡೆದಿದ್ದಳು. ನಾನು ದಾರಿ ತೋರಿಸುವವಳಲ್ಲ, ಸ್ವಿಚ್ಚು ಕಾಯುವವಳು ಎಂದು ಎಷ್ಟು ಹೇಳಿದರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಆ ವರ್ಷ ನಮ್ಮ ಕಡೆ ಇನ್ನೊಂದು ಶುರುವಾಗಿತ್ತು. ಯಾತ್ರೆಗೆ ಹೋಗುವ ಹೆಂಗಸರು ಬರುವಾಗ ವಿಮಾನದಲ್ಲಿ ಬರುವುದು. ಅವ್ವ, ಹೊನ್ನಮ್ಮ, ಇನ್ನೂ ಮೂವರು ಸೇರಿ ಶಿರಡಿಗೆ ಹೊರಟರು. ಹೋಗುವುದು ರೈಲಿನಲ್ಲಿ, ವಾಪಸ್ ಬೆಂಗಳೂರಿಗೆ ವಿಮಾನ. ಹಬ್ಬದ ಸೀಸನ್ನು, ಸೀಟೆಲ್ಲ ಭರ್ತಿ. ಐವರಿಗೂ ಒಟ್ಟಿಗೆ ಟಿಕೆಟ್ ಸಿಕ್ಕಿದ್ದು ಆಯುಧಪೂಜೆಯ ಸಂಜೆಗೇ.

"ಹಬ್ಬದ ದಿನ ಮನೇಲಿ ಹೆಣ್ಣುಮಕ್ಕಳಿಲ್ಲ ಅಂದ್ರೆ ಹೆಂಗವ್ವ?" ಎಂದೆ.

"ಲೇ, ವಿಮಾನನೂ ಒಂದು ಆಯುಧನೇ ಕಣೆ. ಅದ್ರಾಗೇ ಕುಂತು ಕೈ ಮುಗಿತೀನಿ ಬಿಡು. ಅದು ಸರಿ, ಮೇಲೆ ಕಿಟಕಿ ತೆಗೀಬಹುದಾ?"

ತೆಗೆಯಬಾರದು ಎಂದು ಹತ್ತು ಸಲ ಹೇಳಿ ಕಳಿಸಿದೆ. ಟಿಕೆಟ್ಟಿನಲ್ಲಿದ್ದ ವಿಮಾನದ ನಂಬರನ್ನು ಬಾಯಿಪಾಠ ಮಾಡಿಕೊಂಡೆ.

ಹಬ್ಬದ ಬೆಳಿಗ್ಗೆ ಹಸ್ತ ಮಳೆ ಬಿದ್ದು ಹೋಗಿದ್ದ ಗುಡ್ಡ ಹಸಿರಾಗಿತ್ತು, ತಂಗಡಿ ಹೂವಿನ ಹಳದಿ ಕಣ್ಣಿಗೆ ಹೊಡೆಯುತ್ತಿತ್ತು. ದೊಡ್ಡಪ್ಪ ಬೂದುಗುಂಬಳ, ನಿಂಬೆಹಣ್ಣು, ಬಾಳೆಕಂದು ತಂದಿದ್ದರು. ನಾನು ನಾಲ್ಕು ಮಾರು ಚೆಂಡುಹೂವು ತಂದಿದ್ದೆ. ವರ್ಷವಿಡೀ ದುಡಿಯುವ ಯಂತ್ರಕ್ಕೆ ಪೂಜೆ ಮಾಡದೆ ಇರುವುದು ಹೇಗೆ? ಕತ್ತರಿ, ಕುಡುಗೋಲು, ಸೈಕಲ್ಲು, ಬಸ್ಸು ಎಲ್ಲಕ್ಕೂ ಹಾರ ಬೀಳುವ ದಿನ ನಮ್ಮ ಟಗರಿಗೆ ಇಲ್ಲವೆಂದರೆ ಅದು ಮುನಿಸಿಕೊಳ್ಳುತ್ತದೆ ಎಂದು ದೊಡ್ಡಪ್ಪ ನಂಬಿದ್ದರು. ನಾನೇನು ಕಡಿಮೆ, ಆ ಯಂತ್ರಕ್ಕೆ ದಿನಾ ಮನಸ್ಸಿನಲ್ಲೇ ಕೈಮುಗಿಯುವವಳು.

ವಿಭೂತಿ, ಕುಂಕುಮ ಆಯಿತು. ಹಾರವನ್ನು ದೊಡ್ಡಪ್ಪ ಸ್ಟಾರ್ಟರ್ ಪೆಟ್ಟಿಗೆಗೆ ಸುತ್ತಲು ಹೋದರು. ನಾನೇ ಕಿತ್ತುಕೊಂಡೆ. "ಅಲ್ಲಿ ಹಾಕಿದ್ರೆ ಫೋಟೋದಾಗೆ ಕಾಣಲ್ಲ ದೊಡ್ಡಪ್ಪ" ಎಂದು, ಜನರೇಟರ್ ಗಾಳಿ ಎಳೆದುಕೊಳ್ಳುವ ದೊಡ್ಡ ಜಾಲರಿಯ ತುಂಬ ಮೇಲಿನಿಂದ ಕೆಳಗೆ ಒತ್ತೊತ್ತಾಗಿ ಇಳಿಬಿಟ್ಟೆ. ನಿಜವಾಗಿ ಹೇಳುತ್ತೇನೆ, ಬಹಳ ಚೆನ್ನಾಗಿ ಕಾಣುತ್ತಿತ್ತು.

ದೊಡ್ಡಪ್ಪ ತಲೆ ಓರೆ ಮಾಡಿ ನೋಡಿದರು. "ಅದ್ರ ಮೂಗಿಗೆ ಅಡ್ಡ ಆಗ್ತತೇನೋ ಮಗಾ."

"ಈಗ ಓಡ್ತಿಲ್ಲವಲ್ಲ. ಫೋಟೋ ತೆಗೆದು ಬಿಚ್ಚಿಬಿಡ್ತೀನಿ."

"ಹಂಗಾದ್ರೆ ಸರಿ."

ಫೋಟೋ ತೆಗೆದು ಕಂಪನಿಯ ಗ್ರೂಪಿಗೆ ಹಾಕಿದೆ. ಆ ಇಂಜಿನಿಯರೇ ಹೆಬ್ಬೆರಳು ಎತ್ತಿದ ಚಿತ್ರ ಕಳಿಸಿದ. ಆಮೇಲೆ ಕುಂಬಳಕಾಯಿ ಒಡೆದದ್ದು, ಮಂಡಕ್ಕಿ ತಿಂದದ್ದು, ಅವ್ವ ಶಿರಡಿಯಿಂದ ಫೋನ್ ಮಾಡಿ "ಇಲ್ಲಿ ಸೆಕೆ, ಅಲ್ಲಿ ಮಳೆಯಾ?" ಎಂದು ಕೇಳಿದ್ದು. ಹಾರ ಬಿಚ್ಚುವುದನ್ನು ಮರೆತೆ.

ನಾಲ್ಕೂವರೆಗೆ ಮೂಡಲ ದಿಕ್ಕು ಕಪ್ಪಾಯಿತು. ಹಿರಿಯೂರಿನ ಕಡೆಯಿಂದ ಎದ್ದ ಮೋಡ ಮಾರಿಕಣಿವೆಯ ಗುಡ್ಡಗಳನ್ನು ನುಂಗಿ ಹೊಸದುರ್ಗದ ಮೇಲೆ ಬಂತು. ಸ್ಪೀಕರಿನಲ್ಲಿ ಮಾತಿನ ಧಾಟಿ ಬದಲಾಯಿತು. ಎಲ್ಲರೂ ಮೋಡ ತಪ್ಪಿಸಲು ಎಡಕ್ಕೆ ಬಿಡಿ, ಬಲಕ್ಕೆ ಬಿಡಿ ಎನ್ನುವವರೇ. ಬೆಂಗಳೂರಿನಲ್ಲಿ ಮಳೆಗೆ ಇಳಿಯಲು ಆಗುತ್ತಿರಲಿಲ್ಲ. ಎಲ್ಲರೂ ಇದ್ದಲ್ಲೇ ಸುತ್ತು ಹೊಡೆಯಿರಿ ಎಂದು ಅಲ್ಲಿಂದ ಹೇಳುತ್ತಿದ್ದರು. ಒಂದರ ಮೇಲೊಂದು, ಬೇರೆ ಬೇರೆ ಎತ್ತರದಲ್ಲಿ, ಆ ಕಪ್ಪಿನೊಳಗೆ ಅಷ್ಟೂ ವಿಮಾನ ಸುತ್ತುತ್ತಿದ್ದವು. ಯಾವುದು ಯಾವ ಎತ್ತರದಲ್ಲಿ ಇರಬೇಕೆಂದು ಹೇಳುತ್ತಿದ್ದುದು ನಮ್ಮ ಕೋಣೆಯ ಮೂಲಕ ಹಾಯುತ್ತಿದ್ದ ಆ ಒಂದು ದನಿ.

ಐದೂಮುಕ್ಕಾಲರ ಸುಮಾರಿಗೆ ಒಬ್ಬ ಹೆಣ್ಣುಮಗಳ ದನಿ "ನಮಸ್ಕಾರ" ಎಂದಿತು. ಹಿಂದೆಯೇ ನಾನು ಬಾಯಿಪಾಠ ಮಾಡಿದ್ದ ನಂಬರು.

"ದೊಡ್ಡಪ್ಪಾ, ಇದೇ! ಅವ್ವ ಬಂದಳು!"

ದೊಡ್ಡಪ್ಪ ಒಂದು ಕಲ್ಲು ತೆಗೆದರು. ಚೀಲಕ್ಕೆ ಹಾಕಲಿಲ್ಲ. "ಇದು ನಮ್ಮದು. ಇದು ಕೈಯಾಗೇ ಇರ್ಲಿ" ಎಂದು ಮುಷ್ಟಿ ಮುಚ್ಚಿಕೊಂಡರು. ಮಳೆಗೆ ಹಲವು ವಿಮಾನ ಬೇರೆ ಊರಿಗೆ ತಿರುಗಿಹೋಗಿದ್ದರಿಂದ ಚೀಲದಲ್ಲಿ ಆಗ ಮೂರೇ ಕಲ್ಲಿದ್ದವು.

ಆಗಲೇ ಫಳ್ ಎಂದು ಬೆಳಕು, ಜೊತೆಯಲ್ಲೇ ಸಿಡಿಲು. ಕರೆಂಟ್ ಹೋಯಿತು. ಅಷ್ಟರಲ್ಲಿ ಶೆಡ್ಡಿನಲ್ಲಿ ಜನರೇಟರ್ ತಾನಾಗಿಯೇ ಗುಡುಗಿಕೊಂಡು ಎದ್ದಿತು. "ನಮ್ಮ ಟಗರು ಕಣವ್ವ, ಬಿಡ್ತತೇನು!" ಎಂದರು ದೊಡ್ಡಪ್ಪ. ನಾನು ಉಸಿರು ಬಿಟ್ಟೆ. ಸ್ಪೀಕರ್ ಮಾತಾಡುತ್ತಲೇ ಇತ್ತು.

ಏಳೆಂಟು ನಿಮಿಷ ಆಗಿರಬೇಕು. ಮಳೆಯ ಮಣ್ಣುವಾಸನೆಯೊಳಗೆ ಇನ್ನೇನೋ ಕಹಿ ವಾಸನೆ ಸೇರಿಕೊಂಡಿತು. ದೊಡ್ಡಪ್ಪ ಮೂಗು ಅರಳಿಸಿದರು. ಆ ಕ್ಷಣಕ್ಕೆ ನನಗೆ ಹೊಳೆಯಿತು. ಎದ್ದು ಬಾಗಿಲಿಗೆ ಹೋಗುವಷ್ಟರಲ್ಲಿ ಜನರೇಟರ್ ಕಿರ್ರೆಂದು ಕೂಗಿ ನಿಂತೇ ಹೋಯಿತು. ಹಿಂದೆ ಬ್ಯಾಟರಿ ಪೆಟ್ಟಿಗೆ ಪೀಂ ಪೀಂ ಎನ್ನತೊಡಗಿತು.

ಶೆಡ್ಡಿಗೆ ಓಡಿದೆ. ನಾಲ್ಕು ಮಾರು ಹೂವೂ ಗಾಳಿಯ ಸೆಳೆತಕ್ಕೆ ಜಾಲರಿಗೆ ಮೆತ್ತಿಕೊಂಡು ಕಂಬಳಿ ಹೊದಿಸಿದ ಹಾಗಾಗಿತ್ತು. ಉದುರಿದ ಎಸಳುಗಳು ಒಳಗೆ ಹೋಗಿ ರೇಡಿಯೇಟರಿನ ಸಂದುಗಳಲ್ಲಿ ತುರುಕಿಕೊಂಡು ಕರಕಲಾಗಿದ್ದವು. ಉಸಿರು ಕಟ್ಟಿ, ಕಾದು, ಯಂತ್ರ ತನ್ನನ್ನು ತಾನೇ ನಿಲ್ಲಿಸಿಕೊಂಡಿತ್ತು. ಬಿಸಿ ಇಳಿಯುವ ತನಕ ಮತ್ತೆ ಏಳುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಹಾರವನ್ನು ಎರಡೂ ಕೈಯಿಂದ ಬರಬರ ಎಳೆದು ಕಿತ್ತೆ.

ಕೋಣೆಯಿಂದ ಆ ಹೆಣ್ಣುಮಗಳ ದನಿ ಕೇಳುತ್ತಿತ್ತು. ಇನ್ನೂ ಎಷ್ಟು ಹೊತ್ತು ಸುತ್ತಬೇಕು ಎಂದು ಇಂಗ್ಲಿಷಿನಲ್ಲಿ ಕೇಳುತ್ತಿದ್ದಳು. ಉತ್ತರ ಬರುವ ಮುಂಚೆ ಬ್ಯಾಟರಿ ಸತ್ತಿತು. ಪೀಂ ಪೀಂ ಕೂಡ ನಿಂತಿತು.

ದನಿ ನಿಂತಿತು.

ನಾಲ್ಕು ತಿಂಗಳು ಯಾವುದಕ್ಕೆ ಹೆದರಿದ್ದೆನೋ ಅದು ಬಂದೇ ಬಂತು, ಅದೂ ನಾನೇ ಕೈಯಾರೆ ಕಟ್ಟಿದ ಹೂವಿನಿಂದ. ಬೆಂಗಳೂರಿಗೆ ಹೇಳೋಣವೆಂದು ಫೋನ್ ತೆಗೆದರೆ ಸಿಗ್ನಲ್ ಸತ್ತಿತ್ತು. ಮೇಲೆ ಮೋಡದೊಳಗೆ ಗುಡುಗುಡು ಸದ್ದು. ಗುಡುಗೋ ವಿಮಾನವೋ ತಿಳಿಯುತ್ತಿರಲಿಲ್ಲ. ಆ ಸದ್ದಿನಲ್ಲಿ ಎಲ್ಲೋ ಅವ್ವ ಕಿಟಕಿಗೆ ಮುಖ ಒತ್ತಿಕೊಂಡು ಕೂತಿದ್ದಾಳೆ. ಅವಳ ಮೇಲೊಂದು, ಕೆಳಗೊಂದು. ಯಾರು ಎಲ್ಲಿರಬೇಕೆಂದು ಹೇಳುವವರಿಲ್ಲ. ಅಯ್ಯೋ ಶಿವನೇ, ಅವ್ವನನ್ನು ನಾನೇ ಕೊಂದೆ ಎಂದು ಬಾಯಿಬಿಟ್ಟು ಕೂಗಿಯೇಬಿಟ್ಟೆ.

"ಕೂಗಾಕೆ ಆಮೇಲೆ ಹೊತ್ತೈತೆ. ಟಾರ್ಚ್ ಬಿಡು" ಎಂದರು ದೊಡ್ಡಪ್ಪ. ನಾನು ಟಾರ್ಚ್ ಹಿಡಿದೆ. ಅವರು ಉಡಿದಾರಕ್ಕೆ ಕಟ್ಟಿಕೊಂಡಿದ್ದ ಚಿಮಟ ಬಿಚ್ಚಿದರು, ಕುರಿಯ ಕಾಲಿನ ಮುಳ್ಳು ಕೀಳುವ ಚಿಮಟ. ಬಲಗೈಯಲ್ಲಿ ಅದನ್ನು ಹಿಡಿದು, ಕಾದ ರೇಡಿಯೇಟರಿನ ಸಂದಿನಿಂದ ಒಂದೊಂದೇ ಎಸಳು ಎಳೆದರು. ಎಡಗೈ ಮುಷ್ಟಿ ಮುಚ್ಚಿಯೇ ಇತ್ತು.

"ಆ ಕೈಯನ್ನೂ ಹಾಕು ದೊಡ್ಡಪ್ಪ, ಬೇಗ ಆಗ್ತತೆ."

"ಆ ಕೈ ಬಿಡಂಗಿಲ್ಲ" ಎಂದರು.

ನಾನು ಗೋಣಿಚೀಲಗಳನ್ನು ಮಳೆನೀರಿನಲ್ಲಿ ಅದ್ದಿ ತಂದು ರೇಡಿಯೇಟರಿಗೆ ಹೊದಿಸಿದೆ. ಚುಸ್ ಎಂದು ಆವಿ ಎದ್ದಿತು. ಮತ್ತೆ ಅದ್ದಿದೆ, ಮತ್ತೆ ಹೊದಿಸಿದೆ. ಬಿಸಿ ತೋರಿಸುವ ಮುಳ್ಳು ಅಲುಗಲೊಲ್ಲದು. ದೊಡ್ಡಪ್ಪನ ಬೆರಳುಗಳು ಸುಟ್ಟು ಕೆಂಪಾಗಿದ್ದವು. ಅವರು ಏನೋ ಗೊಣಗುತ್ತಿದ್ದರು. ದೇವರ ಹೆಸರಿರಬೇಕು ಎಂದುಕೊಂಡು ಕಿವಿಗೊಟ್ಟರೆ, "ಹೊನ್ನೀ, ಕುಂತ್ಕ. ಎದ್ದೇಳ್ಬ್ಯಾಡ, ಕುಂತ್ಕ" ಎಂದು ಹೆಂಡತಿಗೆ ಹೇಳುತ್ತಿದ್ದರು.

ಇಪ್ಪತ್ತು ನಿಮಿಷ ಹಿಡಿಯಿತು. ಮುಳ್ಳು ಇಳಿಯಿತು, ಬಟನ್ ಒತ್ತಿದೆ, ಕೆಮ್ಮಿ ಕೆಮ್ಮಿ ಜನರೇಟರ್ ಎದ್ದಿತು. ಕೋಣೆಗೆ ಓಡಿ ಯಂತ್ರ ಹಾಕಿದೆ. ಸ್ಪೀಕರ್ ಮೊದಲು ಸುಮ್ಮನೆ ಉಸಿರಾಡಿತು. ಆಮೇಲೆ ಬೆಂಗಳೂರಿನ ದನಿ ಬಂತು, ಒಂದೊಂದೇ ಹೆಸರು ಕರೆಯಿತು. ಒಂದು ಉತ್ತರ ಕೊಟ್ಟಿತು. ದೊಡ್ಡಪ್ಪ ಚೀಲದಿಂದ ಒಂದು ಕಲ್ಲು ತೆಗೆದು ಬಲ ಜೇಬಿಗೆ ಹಾಕಿದರು. ಇನ್ನೊಂದು ಉತ್ತರ, ಇನ್ನೊಂದು ಕಲ್ಲು. ಮೂರನೆಯದೂ ಮಾತಾಡಿ "ಗುಡ್ ಈವ್ನಿಂಗ್" ಎಂದು ಹೋಯಿತು.

"ನಮ್ಮದು?" ಎಂದರು.

"ಇನ್ನೂ ಇಲ್ಲ."

ಹೊಸ ವಿಮಾನಗಳು ಬಂದವು, ಹೋದವು. ನನ್ನ ನಂಬರನ್ನು ಯಾರೂ ಕರೆಯಲಿಲ್ಲ. ಬೆಂಗಳೂರಿನವನು ಅದರ ಹೆಸರನ್ನೇ ಎತ್ತಲಿಲ್ಲ. ಇಲ್ಲದ್ದನ್ನು ಯಾರು ಕರೆಯುತ್ತಾರೆ ಎಂಬ ಯೋಚನೆ ಬಂತು. ಅದನ್ನು ತಳ್ಳಿದಷ್ಟೂ ಅದೇ ಬಂತು.

"ನಮ್ಮದು ಏನಾರ ಹೇಳಿದ್ರಾ ಮಗಾ?"

"ಇಲ್ಲ ದೊಡ್ಡಪ್ಪ."

ದೊಡ್ಡಪ್ಪ ಸ್ಪೀಕರಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಮುಚ್ಚಿದ ಮುಷ್ಟಿಯನ್ನು ಎದೆಗೆ ಒತ್ತಿಕೊಂಡಿದ್ದರು. ನಾನು ಗೋಡೆ ಹಿಡಿದು ನಿಂತಿದ್ದೆ. ಅವ್ವನ ಹಸಿರು ಸೀರೆ, ಹೊರಡುವಾಗ ಅವಳು ಕಟ್ಟಿಕೊಂಡ ರೊಟ್ಟಿ ಗಂಟು, ಅಪ್ಪನಿಗೆ ನಾನು ಏನೆಂದು ಹೇಳಬೇಕು ಎಂಬುದು, ಎಲ್ಲ ಒಂದರ ಮೇಲೊಂದು ಬರುತ್ತಿದ್ದವು. ಸುಮಾರು ಒಂದು ಗಂಟೆ ಹಾಗೇ ಕಳೆಯಿತು.

ಮಳೆ ನಿಂತು ಸಿಗ್ನಲ್ ಬಂದದ್ದೇ ಫೋನ್ ಬಡಿದುಕೊಂಡಿತು.

"ಹಲೋ, ರತ್ನೀ? ಇಳಿದ್ವಿ ಕಣೆ. ಅಯ್ಯಯ್ಯೋ, ಇಲ್ಲಿ ನೆಲ ಕನ್ನಡಿ ಇದ್ದಂಗೈತೆ ಕಣೆ, ಕಾಲಿಡಾಕೆ ಬಯ ಆಗ್ತತೆ! ಉಂಡೆಯಾ?"

ದೊಡ್ಡಪ್ಪ ಫೋನಿನ ಹತ್ತಿರ ಬಾಯಿಟ್ಟು, "ಹೊನ್ನಿ ಐದಾಳಾ?" ಎಂದರು. "ಐದಾಳೆ, ಐದಾಳೆ. ಚೀಲ ಹುಡುಕ್ತಾ ಐದಾಳೆ" ಎಂದಳು ಅವ್ವ. ದೊಡ್ಡಪ್ಪ ಮುಷ್ಟಿ ತೆರೆದರು. ಕಲ್ಲು ಒತ್ತಿ ಒತ್ತಿ ಅಂಗೈಯಲ್ಲಿ ರಕ್ತ ಹೆಪ್ಪುಗಟ್ಟಿತ್ತು. ನಾನು ಅವರ ತೋಳಿಗೆ ಮುಖ ಇಟ್ಟು ಅತ್ತೆ.

ಮಾರನೆಯ ದಿನ ಇಂಜಿನಿಯರ್ ಫೋನ್ ಮಾಡಿದ. ನಮ್ಮ ಕೋಣೆ ಸುಮ್ಮನಾದಾಗ ಇನ್ನೊಂದು ಗುಡ್ಡದ ಯಂತ್ರದ ಮೂಲಕ ಕೆಲವು ವಿಮಾನಗಳನ್ನು ಎತ್ತಿಕೊಂಡರಂತೆ. ಅವ್ವನ ವಿಮಾನ ಹಾಗೆ ಆ ಕಡೆ ಹೋಗಿತ್ತು. "ಏನೂ ಆಗಿಲ್ಲ ಮೇಡಂ. ಒಂದು ಹತ್ತು ನಿಮಿಷ ಸ್ವಲ್ಪ ಗಡಿಬಿಡಿ ಆಯ್ತಂತೆ, ಅಷ್ಟೆ." ಸ್ವಲ್ಪ ಗಡಿಬಿಡಿ ಎಂದರೆ ಏನು, ಯಾವುದು ಯಾವುದರ ಹತ್ತಿರ ಬಂದಿತ್ತು ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಇವತ್ತಿಗೂ ಗೊತ್ತಿಲ್ಲ. ಕಾರಣ ಕೇಳಿದ. "ರೇಡಿಯೇಟರಿಗೆ ಕಸ ಸಿಕ್ಕಿಕೊಂಡಿತ್ತು" ಎಂದೆ. ಕೋಣೆಯ ದಾಖಲೆ ಪುಸ್ತಕದಲ್ಲೂ ಹಾಗೇ ಬರೆದೆ. ನನ್ನ ಫೋನಿನಿಂದ ಆ ಫೋಟೋ ಅಳಿಸಿದೆ. ಬೇರೆಯವರ ಫೋನಿನಲ್ಲಿ ಅದು ಇದ್ದೇ ಇರುತ್ತದೆ, ಯಾರಾದರೂ ಒಂದು ದಿನ ನೋಡಿ ಕೂಡಿಸಿ ಹೇಳಬಹುದು. ವಾರದೊಳಗೆ ಹೊಸ ಬ್ಯಾಟರಿ ಬಂದವು. ಅಷ್ಟು ಬೇಗ ಸರಿ ಮಾಡಿದ್ದಕ್ಕೆ ನನ್ನನ್ನು ಹೊಗಳಿ ಒಂದು ಸಂದೇಶವೂ ಬಂತು.

ದೊಡ್ಡಪ್ಪ ಬೆರಳಿಗೆ ಸುಣ್ಣದ ತಿಳಿ ಹಚ್ಚಿಕೊಳ್ಳುತ್ತ, "ನಾನಂತೂ ಬಾಯಿ ಬಿಡಲ್ಲ ಬಿಡವ್ವ. ನೀನೂ ಸುಮ್ಕಿರು" ಎಂದರು.

ಇಂಜಿನಿಯರ್ ಫೋನ್ ಮಾಡಿದ ದಿನವೇ ಸಂಜೆ ಅವ್ವ ರಾಮಗಿರಿಗೆ ಬಂದಳು. ಬೀದಿಯ ಹೆಂಗಸರೆಲ್ಲ ಜಗುಲಿಗೆ ಬಂದು ಕೂತರು. ಅವ್ವ ಕಾಲು ಚಾಚಿಕೊಂಡು ವಿಮಾನದ ಕತೆ ಬಿಚ್ಚಿದಳು. ಮೋಡದ ಮೇಲೆ ಗಿರಗಿರ ಸುತ್ತಿಸಿದರಂತೆ. ಒಂದು ಸಲ ಎತ್ತಿ ಎಸೆದ ಹಾಗೆ ದಡಕ್ಕನೆ ಮೇಲಕ್ಕೆ ಏರಿತಂತೆ, ಎಲ್ಲರೂ ಕಿರುಚಿದರಂತೆ. ಹೊನ್ನಮ್ಮ ಅಳುತ್ತ ದೇವರಿಗೆ ಮುಡಿಪು ಕಟ್ಟಿದಳಂತೆ. ಪಕ್ಕದ ಸೀಟಿನ ಸಣ್ಣ ವಯಸ್ಸಿನ ಬಾಣಂತಿ ಕೂಸನ್ನು ಅವುಚಿಕೊಂಡು ಗಡಗಡ ನಡುಗುತ್ತಿದ್ದಳಂತೆ.

"ನಿಂಗೆ ಬಯ ಆಗ್ಲಿಲ್ವೇನೇ ಸಿದ್ದಮ್ಮ?" ಎಂದು ಎದುರು ಮನೆಯವಳು ಕೇಳಿದಳು.

"ನಂಗ್ಯಾಕೆ ಬಯ? ಆ ಹುಡುಗಿಗೂ ಅದನ್ನೇ ಹೇಳ್ದೆ. ಅಳಬ್ಯಾಡ ಕಣವ್ವ, ಈಗ ನಾವಿರೋದು ನಮ್ಮೂರ ಮ್ಯಾಲೆ, ಕೆಳಗೆ ನನ್ನ ಮಗಳು ಕುಂತಾಳೆ ಅಂದೆ. ಅವಳು ನನ್ನ ಕೈ ಹಿಡ್ಕಂಡು ಸುಮ್ಕಾದ್ಲು ನೋಡು."

ಎಲ್ಲರೂ ನನ್ನ ಕಡೆ ತಿರುಗಿ ನೋಡಿದರು. ನಾನು ಚಹಾ ಇಡುವ ನೆಪ ಮಾಡಿ ಒಳಗೆ ಹೋದೆ.

ದೀಪಾವಳಿ ಕಳೆದು ಆ ಕೆಲಸ ಬಿಟ್ಟೆ. ಹಿರಿಯೂರಿನ ಒಂದು ಇನ್ವರ್ಟರ್ ಅಂಗಡಿಯಲ್ಲಿ ರಿಪೇರಿ ಮಾಡುತ್ತೇನೆ. ಅವ್ವನಿಗೆ, ಆಫೀಸನ್ನು ಹಿರಿಯೂರಿಗೆ ತಂದಿದ್ದಾರೆ, ಅದೇ ಕೆಲಸ ಎಂದು ಹೇಳಿದ್ದೇನೆ. ಅವಳಿಗೆ ವಿಮಾನದ ರುಚಿ ಹತ್ತಿದೆ. ಆಮೇಲೆ ಮೂರು ಸಲ ಹೋಗಿ ಬಂದಳು. ನಾನು ಒಮ್ಮೆಯೂ ಹತ್ತಿಲ್ಲ, ಹತ್ತಲಾರೆ.

ಮೊನ್ನೆ ಕಾಶಿಗೆ ಹೋಗಿದ್ದಳು. ಬರುವಾಗ ವಿಮಾನದ ಸೀಟಿನಲ್ಲಿ ಕೂತೇ ಫೋನ್ ಮಾಡಿದಳು. ನಾನು ಅಂಗಡಿಯಲ್ಲಿ ಯಾರದೋ ಇನ್ವರ್ಟರಿನ ಬೋಲ್ಟು ಬಿಚ್ಚುತ್ತಿದ್ದೆ. ಫೋನ್ ಆಫ್ ಮಾಡಿ ಎಂದು ಅಲ್ಲಿ ಯಾರೋ ಹೇಳುತ್ತಿರುವುದು ಕೇಳುತ್ತಿತ್ತು.

"ರತ್ನೀ, ಬೇಗ ಹೇಳು. ಇಲ್ಲೊಬ್ಬಾಕೆ ಬಾಳ ಹೆದರ್ಕಂಡಾಳೆ" ಎಂದಳು ಅವ್ವ. "ಕೆಳಗೆ ನೀನೇ ಇದೀಯ ತಾನೆ?"

"ಇದೀನಿ ಕಣವ್ವ" ಎಂದೆ. "ಹೆದರಬ್ಯಾಡ ಅಂತ ಹೇಳು."